ಎಳೆಯ ನಕ್ಷತ್ರಕ್ಕೆ ಹತ್ತು ನಿಮಿಷ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘದ ಸಭೆಯಲ್ಲಿ ಊಟಕ್ಕೆ ಮುಂಚಿನ ಹತ್ತು ನಿಮಿಷವನ್ನು ಅಧ್ಯಕ್ಷ ವೆಂಕಟರವಣಪ್ಪ ಪದ್ಮಶ್ರೀಗೆ ಕೊಟ್ಟಿದ್ದರು. ಷರತ್ತು ಒಂದೇ: ಜನ ಕೂತರೆ ಪ್ರತಿ ತಿಂಗಳೂ ವಿಜ್ಞಾನದ ಮಾತು, ಎದ್ದು ಹೋದರೆ ಇದೇ ಮೊದಲು, ಇದೇ ಕೊನೆ. ಚಿಂತಾಮಣಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಪದ್ಮಶ್ರೀ ಇದಕ್ಕಾಗಿ ವರ್ಷವಿಡೀ ಅವರ ಹಿಂದೆ ಅಲೆದಿದ್ದಳು.

“ಎಳೆಯ ನಕ್ಷತ್ರಗಳ ಕಾಂತೀಯ ಚಟುವಟಿಕೆಯು...” ಎಂದಳು. ಹಿಂದಿನ ಸಾಲು ಖಾಲಿಯಾಯಿತು. “ನಾಕ್ಷತ್ರಿಕ ಮಾರುತಗಳು...” ಎಂದಳು. ಸಾರಿನ ಘಮದ ಮಾರುತ ಇನ್ನೊಂದು ಸಾಲನ್ನು ಎಬ್ಬಿಸಿತು.

ಪದ್ಮಶ್ರೀ ಹಾಳೆ ಮಡಚಿದಳು. ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡು ಮಾತ್ರ ತೋರಿಸುತ್ತಿದ್ದ ವಿದ್ಯೆ ನಾಲಿಗೆಗೆ ಬಂದೇಬಿಟ್ಟಿತು. ಸೊಂಟಕ್ಕೆ ಕೈಕೊಟ್ಟು, ಥೇಟ್ ವೆಂಕಟರವಣಪ್ಪನವರ ದನಿಯಲ್ಲಿ ಗುಡುಗಿದಳು: “ಯಾರೋ ಅದು ನನ್ ಸುತ್ತ ತಿರುಗೋನು? ನಾನು ಎಳೇ ನಕ್ಷತ್ರ ಕಣೋ! ಊದ್‌ಬಿಡ್ತೀನಿ!”

ಬಾಗಿಲು ದಾಟಿದವರೆಲ್ಲ ನಗುತ್ತ ವಾಪಸು ಬಂದರು. ಅಧ್ಯಕ್ಷರ ಮೀಸೆ ಮಾತ್ರ ಅಲುಗಲಿಲ್ಲ.

ಇನ್ನು ನಿಲ್ಲಿಸುವಂತಿರಲಿಲ್ಲ. ಎಳೆಯ ನಕ್ಷತ್ರ ಬುಗುರಿಯಂತೆ ತಿರುಗುವುದು, ಅದರ ಕಾಂತದ ಎಳೆಗಳು ನೂಲಿನ ಹಾಗೆ ಸಿಕ್ಕುಗಟ್ಟಿ ಪಟಾರನೆ ಕಿತ್ತು ಬೆಂಕಿ ಉಗುಳುವುದು, ಆ ರಭಸಕ್ಕೆ ಹತ್ತಿರದ ಗ್ರಹದ ಹವೆಯೇ ಹಾರಿಹೋಗುವುದು, ಎಲ್ಲವನ್ನೂ ಅದೇ ದನಿಯಲ್ಲಿ ಹೇಳಿದಳು.

“ಸಾಯೋತನಕ ಹಿಂಗೇ ಕೂಗಾಡ್ತದಾ?” ಅಧ್ಯಕ್ಷರ ಹೆಂಡತಿ ಮುನಿಶಾಮಮ್ಮ ಕೇಳಿದರು.

“ಇಲ್ಲಮ್ಮ. ಊದೀ ಊದೀ ತಿರುಗೋ ಜೋರೂ ಆ ಗಾಳೀಲೇ ಹೋಗುತ್ತೆ. ವಯಸ್ಸಾದಂಗೆ ಮೆತ್ತಗಾಗುತ್ತೆ.”

“ನಮ್ಮನೇದು ಯಾವಾಗಮ್ಮ ಮೆತ್ತಗಾಗೋದು?”

ಸಭೆ ಬಿದ್ದು ಬಿದ್ದು ನಕ್ಕಿತು. ವೆಂಕಟರವಣಪ್ಪ ಎದ್ದು ನಿಂತರು. ಮುಂದಿನ ತಿಂಗಳು ಕೈತಪ್ಪಿತು ಎಂದುಕೊಂಡಳು ಪದ್ಮಶ್ರೀ.

“ನಮ್ ಸೂರ್ಯನೂ ಚಿಕ್ಕೋನಿದ್ದಾಗ ಹಿಂಗೇ ಇದ್ನಾ?”

“ಇದ್ದ ಸಾರ್.”

“ಮತ್ತೆ ಭೂಮಿ ಹೆಂಗಮ್ಮ ಉಳ್ಕಂತು?”

“ಮೊದಲಿನ ಹವೆ ಹೋಯ್ತು ಸಾರ್. ಜ್ವಾಲಾಮುಖಿಗಳು ಒಳಗಿಂದ ಹೊಸದು ಉಗುಳಿದ್ವು.”

ಅಧ್ಯಕ್ಷರು ಸಭೆಯತ್ತ ತಿರುಗಿದರು. “ಅರ್ಥ ಆಯ್ತೇನ್ರಪ್ಪಾ? ರೇಷ್ಮೆ ಹುಳ ಮೇವು ಬಿಟ್ಟು ಜ್ವರಕ್ಕೆ ಕೂತು, ಹಳೇ ಪೊರೆ ಕಳಚಿ ಹೊಸದಾಗಿ ಎದ್ದಂಗೆ! ಮೇವು ಮುಟ್ಟಲಿಲ್ಲ ಅಂತ ಎತ್ತಿ ಎಸೀತೀವಾ?”

“ಎಲ್ಲಾ ಹುಳಾನೂ ಏಳಲ್ವಲ್ಲಣ್ಣ,” ಎಂದ ಮುಂದಿನ ಸಾಲಿನ ಬೆಳೆಗಾರನೊಬ್ಬ.

“ಎಲ್ಲಾ ಗ್ರಹಾನೂ ಏಳಲ್ಲ,” ಎಂದಳು ಪದ್ಮಶ್ರೀ. “ಯಾವುದು ಎದ್ದಿದೆ ಅಂತ ಹುಡುಕ್ತಾ ಇದೀವಿ.”

ಪ್ರಶ್ನೆ ಕೇಳಲು ಕೈಗಳು ಮೇಲೆದ್ದವು. ಊಟಕ್ಕೆ ಕರೆಯಲು ಬಂದ ಅಡುಗೆಯವನೂ ಸೌಟು ಹಿಡಿದು ಕೂತ.

“ಹತ್ತು ನಿಮಿಷ ಸಾಲಲ್ಲ. ಮುಂದಿನ ತಿಂಗಳು ಬೆಳಿಗ್ಗೇನೇ ಮೊದಲು ನೀನಮ್ಮ,” ಎಂದರು ವೆಂಕಟರವಣಪ್ಪ. ಆಮೇಲೆ ಕಿಟಕಿ ನಡುಗುವಂತೆ ಕೂಗಿದರು: “ಆದ್ರೆ ನನ್ ದನಿ ಅಷ್ಟು ಸಣ್ಣದಲ್ಲ! ಸರಿಯಾಗಿ ಕಲ್ತ್‌ಕೊಂಡ್ ಬಾ!”