ಕಡ ತಂದ ಬಿತ್ತನೆ

ಗೋಣಿಯ ಮೇಲೆ ಹೇರಿದ್ದ ಕಲ್ಲನ್ನು ಎತ್ತಿದಾಗ ಒಳಗಿನ ಬಿಸಿ ಶಿವನಂಜಮ್ಮನ ಅಂಗೈಗೆ ತಾಗಿತು. ಕಾವು ಹತ್ತಿ ಬಿತ್ತನೆ ಭತ್ತ ಮೊಳೆತಿತ್ತು. ಬಿಳಿ ಬೇರುಗಳು ಗೋಣಿಯ ಕಣ್ಣುಗಳಿಂದ ಹೊರಗೆ ಇಣುಕುತ್ತಿದ್ದವು. ಸಸಿ ಎಬ್ಬಿಸುವ ಒಟ್ಲು ಮಡಿಗೆ ಇವತ್ತೇ ಎರಚಬೇಕು. ತಡವಾದರೆ ಕೊಳೆತು ನಾರುತ್ತದೆ. ಮೂಟೆ ಕಟ್ಟಿ ಕಲ್ಲು ಹೇರಿದ್ದ ಗಂಡ ಹೊನ್ನಯ್ಯನನ್ನು ನಿನ್ನೆ ಮಣ್ಣು ಮಾಡಿ ಬಂದಿದ್ದರು.

ಸಾವಿಗೆ ಬಂದವರು ಜಗಲಿಯ ಮೇಲೆ ಇನ್ನೂ ಕೂತಿದ್ದರು.

"ನಾಲೆ ಬಂದು ಅನ್ನ ಕೊಡ್ತು, ಚಳಿಜ್ವರಾನೂ ಕೊಡ್ತು ಕಣ್ಲಾ," ಎಂದ ನೆರೆಮನೆಯ ಲಿಂಗಯ್ಯ. "ಕೇಳಿದಾಗೆಲ್ಲ ಬೀಡಿ ಕೊಡ್ತಿದ್ದೋನು ಹೊನ್ನಯ್ಯ ಒಬ್ನೇ. ಇನ್ಮೇಲೆ ನಿಮ್ಮಂತ ಜಿಪುಣರ ತಾವ ಬೇಡ್ಬೇಕು."

"ಭಾವ," ಎಂದಳು ಶಿವನಂಜಮ್ಮ ಬಾಗಿಲ ಮರೆಯಿಂದ, "ಮೊಳಕೆ ಬಂದದೆ. ನಮ್ಮ ಮಡಿ ಅದವಾಗಿ ಅದೆ, ಎರಚ್ಕೊಡಿ."

ಹೊನ್ನಯ್ಯನ ಅಣ್ಣ ದೊಡ್ಡಸಿದ್ದಯ್ಯ ಎಲೆಅಡಿಕೆ ಉಗಿದ. "ತಂದಿಕ್ಕಮ್ಮ. ನನ್ ಮಡೀಲಿ ಎರಚ್ತೀನಿ."

"ನಮ್ಮಡೀಲಿ ಎರಚಿ."

"ಇನ್ನು ನಂದು ನಿಂದು ಅಂತ ಏನದೆ? ಮಕ್ಳಾ, ಮರಿಯಾ? ಎಲ್ಡೊತ್ತು ಇಟ್ಟು ಇಕ್ಕಾಕಿಲ್ವಾ ನಾವು?"

"ಅಂಗಾರೆ ನಾನೇ ಎರಚ್ತೀನಿ."

ದೊಡ್ಡಸಿದ್ದಯ್ಯನ ಹೆಂಡತಿ ಹೊಂಬಾಳಮ್ಮ ಒಳಗಿನಿಂದ ಬಂದಳು. "ಮುಂಡೆ ಕೈಲಿ ಬಿತ್ತನೆಯಾ? ಊರಿಗೇ ಕೇಡು ಕಣವ್ವ."

*

ಹೋದ ವರ್ಷ ಇದೇ ಹೊಂಬಾಳಮ್ಮ ಅವಳ ರಟ್ಟೆ ಹಿಡಿದು ಗದ್ದೆಗೆ ಎಳೆದುಕೊಂಡು ಹೋಗಿದ್ದಳು. "ನಿನ್ ಕೈಗುಣ ಒಳ್ಳೇದು ಕಣೆ, ಮೊದಲ್ನೇ ಇಡಿ ಬೀಜ ನೀನೇ ಎರಚು." ಹನಕೆರೆಯ ಆ ಕೇರಿಯಲ್ಲಿ ಒಟ್ಲು ಬಿಡುವವರಿಗೆಲ್ಲ ಶಿವನಂಜಮ್ಮನ ಕೈಯೇ ಬೇಕಿತ್ತು.

"ಈ ಕೈಗೆ ಬಾಡಿಗೆ ಇಸ್ಕೊಂಡಿದ್ರೆ ಒಂದು ಕರೆಯೋ ಅಸ ತರ್ಬೋದಾಗಿತ್ತು," ಎಂದು ಹೊನ್ನಯ್ಯ ಬದುವಿನ ಮೇಲೆ ನಿಂತು ನಕ್ಕಿದ್ದ.

ಈ ವರ್ಷ ಯುದ್ಧದ ಲೆವಿಯೆಂದು ಸರ್ಕಾರಕ್ಕೆ ಭತ್ತ ಅಳೆದು ಕೊಟ್ಟ ಮೇಲೆ ಕಾಳು ತುಂಬುವ ವಾಡೆಯಲ್ಲಿ ಬಿತ್ತನೆಗೂ ಉಳಿಯಲಿಲ್ಲ. ಹೊನ್ನಯ್ಯ ಕೇಳಿದರೆ ಅಣ್ಣ ಇಲ್ಲವೆಂದ. ನಾಲೆಯಾಚೆಯ ಸುಲ್ತಾನ್ ಬೀ, ಸುಗ್ಗಿಗೆ ತಿರುಗಿಸಿ ಕೊಡುವ ಮಾತಿನ ಮೇಲೆ, ತನ್ನ ಬಿತ್ತನೆಯಲ್ಲೇ ಅಳೆದು ಕೊಟ್ಟಳು. ಚಳಿಜ್ವರಕ್ಕೆ ಕಂಬಳಿ ಹೊದ್ದು ನಡುಗುತ್ತಲೇ ಹೊನ್ನಯ್ಯ ಹೊತ್ತು ತಂದ.

"ಮಲಿಕ್ಕೊಳ್ಳಿ, ನೆನೆ ಹಾಕದು ನಾಳೆ ಆಯ್ತದೆ," ಎಂದಿದ್ದಳು.

"ಒಂದ್ ವರ್ಸ ಬೀಳು ಬುಟ್ರೆ ಸಾಕು, ಅಣ್ಣ ಬದ ಕಡ್ದು ನಮ್ ಗದ್ದೇನ ಒಳಿಕ್ ಆಕ್ಕತಾನೆ," ಎಂದು ಅವನು ಹಂಡೆಗೆ ನೀರು ಹೊಯ್ದ.

*

ಮೂಟೆಯನ್ನು ಮಂಕರಿಯಲ್ಲಿಟ್ಟು ತಲೆಗೇರಿಸಿಕೊಂಡು ಅವಳು ಹಿತ್ತಿಲ ದಾರಿಯಲ್ಲಿ ಗದ್ದೆಗೆ ಹೋದಳು.

ಎರಡು ಗದ್ದೆಗಳ ನಡುವಿನ ಬದುವನ್ನು ಆಗಲೇ ಕಡಿದಾಗಿತ್ತು. ಹೊನ್ನಯ್ಯ ಹಲಗೆ ಹೊಡೆದು ನುಣ್ಣಗೆ ಮಾಡಿದ್ದ ಮಡಿಯಲ್ಲಿ ಮತ್ತೆ ನೇಗಿಲು ಹೊಡೆದು ಕದಡಿದ್ದರು. ಅದರ ನೀರೆಲ್ಲ ದೊಡ್ಡಸಿದ್ದಯ್ಯನ ಗದ್ದೆಗೆ ಹರಿಯುತ್ತಿತ್ತು. ಅವನ ಆಳು ಚಿಕ್ಕಮಾದು ಗುದ್ದಲಿ ಹಿಡಿದು ನಿಂತವನು ತಲೆ ಎತ್ತಲಿಲ್ಲ.

"ಬದ ಕಡಿ ಅಂತ ಭಾವ ಯಾವಾಗ ಯೋಳುದ್ರು?"

"ನೆನ್ನೆ, ಗುಂಡಿ ತೋಡೋವಾಗ್ಲೇ ಕಣವ್ವ. ನಾಲೆ ನೀರಿಗೆ ಸೂತ್ಕ ಇಲ್ವಂತೆ."

ಶಿವನಂಜಮ್ಮ ತಲೆಯ ಮೇಲಿನ ಮಂಕರಿ ಸರಿಮಾಡಿಕೊಂಡಳು. ಮಂಕರಿಯಿಂದ ತೊಟ್ಟಿಕ್ಕಿದ ನೀರು ಹಣೆಯ ಮೇಲಿಂದ ಕತ್ತಿಗೆ ಇಳಿಯಿತು. ಆಮೇಲೆ ನಾಲೆ ದಾಟಿದಳು.

ಸುಲ್ತಾನ್ ಬೀ ತನ್ನ ಮಡಿಯ ಕೆಸರಿನಲ್ಲಿದ್ದಳು. "ಯಾ ಅಲ್ಲಾ! ನೆನ್ನೆ ತಾನೆ ಮಣ್ ಮಾಡವ್ರೆ, ಈಚಿಗ್ಯಾಕಮ್ಮ ಬಂದೆ?"

"ಅವ್ರು ಇಸ್ಕೊಂಡಿದ್ದ ಬಿತ್ತನೆ, ತಿರುಗ್ಸಕ್ಕೆ ಬಂದೆ ಬೂಬಮ್ಮ."

"ಸುಗ್ಗೀಲಿ ಕೊಡದು ಕಣಮ್ಮ ಅದು. ನಿನ್ ಗದ್ದೆಗೇನ್ ಎರಚ್ತೀಯ?"

"ನಿಮ್ಮಡೀಲಿ ಜಾಗ ಅದಾ?"

ಸುಲ್ತಾನ್ ಬೀ ಅವಳ ಮುಖ ನೋಡಿದಳು. ಬದುವಿನ ಮೇಲಿದ್ದ ಮೊರ ತಂದು ಒಡ್ಡಿದಳು. ಶಿವನಂಜಮ್ಮ ಸುರಿದಳು. ಬೇರು ಹೆಣೆದುಕೊಂಡಿದ್ದರಿಂದ ಒಂದಷ್ಟು ಗೋಣಿಗೇ ಕಚ್ಚಿಕೊಂಡಿತು. ಅವಳು ಗೋಣಿಯ ಒಳಮಗ್ಗುಲು ತಿರುವಿ ಬದುವಿನ ಮೇಲೆ ಕೂತಳು.

"ಬುಡಮ್ಮ, ಅಷ್ಟು ಮನೇಗೆ ತಕಂಡೋಗು, ಕೋಳಿಗಾದ್ರೂ ಆಯ್ತದೆ."

ಶಿವನಂಜಮ್ಮ ಗೋಣಿಯನ್ನು ಮಡಿಲಿಗೆ ಎಳೆದುಕೊಂಡಳು. ಬೇರು ಮುರಿಯದ ಹಾಗೆ ಉಗುರಿನ ತುದಿಯಿಂದ ಒಂದೊಂದೇ ಮೊಳಕೆ ಬಿಡಿಸಿ ಮೊರಕ್ಕೆ ಹಾಕುತ್ತಿದ್ದಳು. ಬಿಸಿಲೇರಿತು. ಗೋಣಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಮೂಲೆಯಲ್ಲಿ ಇನ್ನೂ ಒಂದು ಕಾಳು ಇತ್ತು.