ನನ್ನ ಹೆಸರಿನ ಬಾಂಬು

ಮ್ಯಾನ್‌ಹ್ಯಾಟನ್‌ನಿಂದ ಗಂಟೆ ದಾರಿಯ ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಗೆ ಮೊಮ್ಮಗಳು ಅನ್ವಿತಾ ಬರುವುದೇ ಹಬ್ಬಕ್ಕೊಮ್ಮೆ. ಒಂದು ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಅವಳು ಎಡಿಟಿಂಗ್‌ಗೆ ಕೂತಿರುವ ಡಾಕ್ಯುಮೆಂಟರಿ ನಾನು ಬಾಣಂತಿಯಾಗಿದ್ದ ಬೀದಿಯದ್ದೇ ಅಂತೆ. 1978ರಲ್ಲಿ ಆ ಬೀದಿಯ ಒಂದು ಮನೆಗೆ ಪೊಲೀಸರು ಗುಂಡು ಹಾರಿಸಿ, ಬೆಂಕಿ ಹತ್ತಿಸಿ ಐವರನ್ನು ಕೊಂದಿದ್ದರು. ಕಪ್ಪು ಜನರ ಹಕ್ಕಿಗಾಗಿ ಯಾರಿಗೂ ಬಗ್ಗದೆ ಮಾತಾಡುತ್ತಿದ್ದ ಗುಂಪಿನ ಮನೆ ಅದು.

ಬದುಕುಳಿದ ಅರ್ಲೀನ್‌ಗೆ ಮನೆಯಲ್ಲಿ ಬಾಂಬು ಇಟ್ಟಿದ್ದಳೆಂದು ಹದಿನೆಂಟು ವರ್ಷ ಜೈಲು. ಈಗ ಅವಳಿಗೆ ಎಪ್ಪತ್ತನಾಲ್ಕು. ಸಾಯುವ ಮೊದಲು ಆ ಕಳಂಕ ಅಳಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದಾಳೆ, ಸಾಕ್ಷಿ ಮಾತ್ರ ಒಂದೂ ಇಲ್ಲ.

ನನಗೆ ಅರ್ಲೀನ್ ಎಂದರೆ ಬಿಸಿನೀರಿನ ನೆನಪು. ಮಗಳು ಹುಟ್ಟಿದಾಗ ತಾಯಿ ಮಂಗಳೂರಿನಲ್ಲಿ, ಗಂಡ ಮೋನಪ್ಪ ಮ್ಯಾನ್‌ಹ್ಯಾಟನ್‌ನ ಹೋಟೆಲಿನಲ್ಲಿ ಎರಡೆರಡು ಶಿಫ್ಟು. ಮಗುವಿನ ಅಳು ಕೇಳಿ ಎದುರು ಮನೆಯಿಂದ ಬಂದು ಬಾಗಿಲು ಬಡಿದವಳು ಅವಳು. ನಲವತ್ತು ದಿನ ಮಗುವನ್ನು ಮೀಯಿಸಿದಳು, ನನ್ನ ಬೆನ್ನಿಗೆ ಬಿಸಿನೀರು ಹೊಯ್ದಳು. ಹೆತ್ತ ತಾಯಿಯೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ನಲವತ್ತು ಕಳೆದ ದಿನ ನಾನು ನೀರುದೋಸೆ, ಕೋಳಿ ಗಸಿ ಮಾಡಿ ಟಿಫಿನ್ ಕ್ಯಾರಿಯರ್ ತುಂಬ ಅವರ ಮನೆಗೆ ಕೊಟ್ಟುಬಂದೆ. ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ನಮಗಿನ್ನೂ ಗ್ರೀನ್ ಕಾರ್ಡ್ ಆಗಿರಲಿಲ್ಲ, ವಾರದೊಳಗೆ ಗಂಟುಮೂಟೆ ಕಟ್ಟಿದೆವು. ವಿಚಾರಣೆಯ ಸುದ್ದಿ ಬಂದರೆ ಮೋನಪ್ಪ ಟಿ.ವಿ. ಆರಿಸುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ನಾಚಿಕೆಗೇಡು, ಬೇರೇನೂ ಅಲ್ಲ.

ಅನ್ವಿತಾಳ ಪರದೆಯ ಮೇಲೆ ಪೊಲೀಸರು ಕೋರ್ಟಿಗೆ ಕೊಟ್ಟ 'ಬಾಂಬಿನ' ಫೋಟೊ ಬಂತು. ಮಸಿ ಹಿಡಿದ ನಾಲ್ಕು ಸ್ಟೀಲ್ ಡಬ್ಬಿ, ಪಕ್ಕದಲ್ಲಿ ಸೊಟ್ಟ ಸರಳು. ಒಂದು ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯ ಬರಹ. ಅದು ಗುಪ್ತ ಲಿಪಿಯಂತೆ! ಕೆಳಗಿನ 12-5 ಎಂದರೆ ಡಿಸೆಂಬರ್ ಐದಕ್ಕೆ ಸ್ಫೋಟಿಸುವ ಸಂಚಂತೆ!

"ಅಯ್ಯೋ ದೇವರೇ, ಅದು ನನ್ನ ಕ್ಯಾರಿಯರ್ ಮಾರಾಯ್ತಿ!"

"ಅಜ್ಜಿ, ವಾಟ್?"

"ಸುಗಂಧಿ ಅಂತ ಬರ್ದದ್ದು ಅದು. ನನ್ನ ಹೆಸರು! ಹನ್ನೆರಡನೇ ತಾರೀಕು, ಮೇ ತಿಂಗಳು. ನನ್ನ ಮದುವೆ ದಿನ!"

ನಮ್ಮಲ್ಲಿ ಮದುವೆಗೆ ಕೊಡುವ ಪಾತ್ರೆಗೆ ಅಂಗಡಿಯವನೇ ಹೆಸರು, ತಾರೀಕು ಕೊರೆದು ಕೊಡುತ್ತಾನೆ. ಮೂರು ತಿಂಗಳಿನಿಂದ ಅನ್ವಿತಾ ದಿನವೂ ಆ ಫೋಟೊ ನೋಡಿದ್ದಳು, ಅಜ್ಜಿಯ ಹೆಸರು ಓದಲು ಬಂದಿರಲಿಲ್ಲ. ಕನ್ನಡ ಕಲಿಸದ ತಪ್ಪು ನಮ್ಮದೇ.

ಅಡುಗೆಮನೆಯಿಂದ ಅದೇ ಸೆಟ್ಟಿನ ಚೊಂಬು ತಂದು ಅವಳ ಮುಂದಿಟ್ಟೆ. ಅದೇ ಹೆಸರು, ಅದೇ ತಾರೀಕು, ಅದೇ ಕೈಬರಹ.

"ಅಜ್ಜಿ, ಲಾಯರ್ಸ್ ವಿಲ್ ಕ್ವೆಶ್ಚನ್ ಯೂ," ಎಂದಳು ಅನ್ವಿತಾ ಅಳುಕುತ್ತ.

"ಕೇಳ್ಲಿ. ಈಗ ನಂಗೆ ಸಿಟಿಜನ್‌ಶಿಪ್ ಉಂಟು, ಮಂಡಿನೋವು ಉಂಟು. ಹೆದರಿಕೆ ಮಾತ್ರ ಇಲ್ಲ."

ಲಾಯರ್ ಮುಂದೆ ಹೇಳಿಕೆ ಕೊಟ್ಟೆ. ಕೋರ್ಟಿಗೆ ಇದು ಸಾಕು ಎಂದರು ಅವರು. ಮರುವಾರ ಅನ್ವಿತಾ ನನ್ನನ್ನು ಅರ್ಲೀನಳ ಮನೆಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಬರಿಗೈಯಲ್ಲಿ ಹೋಗಬಾರದೆಂದು ಚೊಂಬಿನ ತುಂಬ ಹೆಸರುಬೇಳೆ ಪಾಯಸ ಒಯ್ದಿದ್ದೆ.

ಗಾಲಿಕುರ್ಚಿಯಲ್ಲಿದ್ದ ಅರ್ಲೀನ್ ನನ್ನನ್ನು ನೋಡಿದ ಕೂಡಲೇ ಕೈ ಚಾಚಿದಳು. ಕ್ಷಮೆ ಕೇಳಲು ಬಂದವಳು ನಾನು ಜಗಳಕ್ಕೇ ನಿಂತೆ.

"ಅದು ಬಾಂಬಲ್ಲ ಅಂತ ನಿನಗೆ ಗೊತ್ತಿತ್ತಲ್ಲ! ಯಾಕೆ ಹೇಳಲಿಲ್ಲ?"

ಅವಳು ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. "ಊಟದ ಡಬ್ಬಿ ಅಂದೆ. ಯಾರದ್ದು ಅಂತ ಕೇಳಿದರು. ಹೆಸರು ಹೇಳಿದ್ದರೆ ಆ ಪೊಲೀಸರೇ ನಿನ್ನ ಬಾಗಿಲಿಗೆ ಬರುತ್ತಿದ್ದರು. ನಿನ್ನ ಹತ್ತಿರ ಕಾಗದಪತ್ರ ಇರಲಿಲ್ಲ, ಮಡಿಲಲ್ಲಿ ಎಳೆಗೂಸು ಇತ್ತು."

ಅಲ್ಲೇ ನೆಲಕ್ಕೆ ಕುಳಿತು ಅವಳ ಪಾದ ಹಿಡಿದುಕೊಂಡೆ. ಹದಿನೆಂಟು ವರ್ಷ! ಇಂಥ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ?

"ಏಳು, ಏಳು," ಎಂದಳು ಅರ್ಲೀನ್. "ಆ ಸಂಜೆ ನಾವೆಲ್ಲ ನಿನ್ನ ಕೋಳಿಯ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ನಕ್ಕಿದ್ದೆವು. ನನ್ನ ಐವರೂ ಹೊಟ್ಟೆ ತುಂಬ ಉಂಡೇ ಹೋದರು. ಅದಕ್ಕೆ ನಿನಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು."

ಆಮೇಲೆ ಚೊಂಬನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ವರ್ಷ ಕಾದಿಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ಮಗು ಚೆನ್ನಾಗಿದೆಯಾ?"

ಅನ್ವಿತಾಳ ಕೈ ಹಿಡಿದೆಳೆದು ಅರ್ಲೀನಳ ಮುಂದೆ ನಿಲ್ಲಿಸಿದೆ.

"ದಟ್ ಬೇಬಿ ಈಸ್ ಮೈ ಮಾಮ್," ಎಂದಳು ಅನ್ವಿತಾ.