ಮೀನಿನ ಗಾಳಿ

"ಮೀನು ಬದುಕಿದೆಯೇನೇ? ಮೊದಲು ಅದನ್ನ ಬೊಗಳು."

ಧಣಿ ಕೇಳಿದ್ದು ಇದನ್ನು. ದೋಣಿಯ ಹಲಗೆಯ ಮೇಲೆ ಹೊತ್ತು ತಂದ ಆಳಿನ ಕಾಲುಗಳು ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ. ಬುಟ್ಟಿಯ ಮುಚ್ಚಳ ತೆಗೆದು, ಒಳಗೆ ಅಂಗೈಯಗಲದ ಹಳದಿ ನೀಲಿ ಮೀನು ಕಿವಿರು ಆಡಿಸುತ್ತಿರುವುದನ್ನು ಕಂಡ ಮೇಲೆಯೇ ಅವನ ಜೀವ ತಣ್ಣಗಾಯಿತು.

"ಬದುಕಿದೆ ಧಣಿ," ಎಂದಳು ಪೈಪಕ್ಕ. "ನನ್ನ ತಮ್ಮಂಗೆ ಕಾಲು ಬರ್ತಿಲ್ಲ."

"ಕಾಲು ಬರ್ದೆ ಎಲ್ಲಿಗೆ ಹೋಗುತ್ತೆ? ಕುಡಿದಿರ್ತಾನೆ ಬೋಳಿಮಗ. ಆಚೆ ಮಲಗಿಸು ಹೋಗು. ತೊಟ್ಟಿ ಪಕ್ಕ ಬೆವರು ನಾರಿದ್ರೆ ಮೀನಿಗೆ ಆಗಲ್ಲ."

ಆಚೆ ಎಂದರೆ ಬಿಸಿಲು. ತಗಡಿನ ಶೆಡ್ಡಿನ ಒಳಗೆ ಮಾರಾಟದ ಬಣ್ಣದ ಮೀನುಗಳ ನಾಲ್ಕು ಸಾಲು ಗಾಜಿನ ತೊಟ್ಟಿಗಳು. ಅವುಗಳ ನೀರನ್ನು ತಂಪಾಗಿಡಲು ಒಂದು ಯಂತ್ರ, ಆ ಯಂತ್ರ ಕೆಟ್ಟರೆ ಇರಲಿ ಎಂದು ಇನ್ನೊಂದು ಯಂತ್ರ. ಪೈಪಕ್ಕನೂ ದೋಣಿಯ ಇಬ್ಬರು ಆಳುಗಳೂ ಹಲಗೆಯನ್ನು ಬಾಗಿಲ ಬಳಿ ಅರ್ಧ ನೆರಳಿಗೆ ಸರಿಸಿದರು. ಅವಳ ತಮ್ಮ ಮೊಣಕೈ ಹಿಡಿದುಕೊಂಡು ಮುಲುಗುತ್ತಿದ್ದ. ಸೊಂಟದಿಂದ ಕೆಳಗೆ ಅವನಿಗೆ ನೋವೂ ಇರಲಿಲ್ಲ.

ಅವಳಿಗೆ ಪೈಪಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ದೋಣಿಯಲ್ಲಿ ಒಂದು ಹಳೆಯ ಕಂಪ್ರೆಸರ್ ಇತ್ತು, ಲಾರಿ ಟೈರಿಗೆ ಗಾಳಿ ತುಂಬುವಂಥದ್ದು. ಅದರಿಂದ ಹೊರಟ ಹಳದಿ ಪೈಪನ್ನು ಹಲ್ಲಲ್ಲಿ ಕಚ್ಚಿಕೊಂಡು ತಮ್ಮ ಸಮುದ್ರಕ್ಕಿಳಿಯುತ್ತಿದ್ದ. ಮೇಲೆ ಕೂತು ಅವಳು ಪೈಪ್ ಹಿಡಿಯುತ್ತಿದ್ದಳು. ಕೆಳಗಿನಿಂದ ಒಂದು ಸಲ ಎಳೆದರೆ ಸಡಿಲ ಬಿಡು. ಎರಡು ಸಲ ಎಳೆದರೆ ಬುಟ್ಟಿ ಎತ್ತು. ಮೂರು ಸಲ ಎಳೆದರೆ ನನ್ನನ್ನು ಎತ್ತು. ಹದಿನಾಲ್ಕು ವರ್ಷ ಅಕ್ಕ ತಮ್ಮ ಹೀಗೇ ಮಾತಾಡಿದ್ದರು. ಓಡಿಹೋದ ಗಂಡ ಮನೆಯಲ್ಲಿದ್ದಾಗ ಅವನ ಜೊತೆ ಅವಳು ಇದರ ಕಾಲುಭಾಗವೂ ಮಾತಾಡಿರಲಿಲ್ಲ.

ಮೊದಲೆಲ್ಲ ನಾಲ್ಕು ಮಾರು ಇಳಿದರೆ ಮೀನು ಸಿಗುತ್ತಿತ್ತು. ಧಣಿ ಬಿಳಿ ಗುಳಿಗೆ ಕೊಟ್ಟ. ಗುಳಿಗೆಯನ್ನು ಬಾಟಲಿ ನೀರಲ್ಲಿ ಕರಗಿಸಿ ಹವಳದ ಸಂದಿಗೆ ಚಿಮ್ಮಿದರೆ ಒಳಗಿದ್ದ ಮೀನು ಅಮಲೇರಿ ತೇಲಿ ಬರುತ್ತಿತ್ತು. ಚೆಂದದ್ದನ್ನು ಬಲೆಯಲ್ಲಿ ಬಾಚಿ ಮಿಕ್ಕಿದ್ದನ್ನು ಅಲ್ಲೇ ಬಿಡುತ್ತಿದ್ದರು. ಮಿಕ್ಕಿದ್ದು ಮತ್ತೆ ಏಳುತ್ತಿರಲಿಲ್ಲ. ಹವಳ ಒಂದೆರಡು ವಾರದಲ್ಲಿ ಮೂಳೆಯಂತೆ ಬೆಳ್ಳಗಾಗುತ್ತಿತ್ತು. ಹಾಗೆ ಬೆಳ್ಳಗೆ ಮಾಡಿಕೊಂಡೇ ಅವರು ಆಳಕ್ಕೆ ಆಳಕ್ಕೆ ಹೋಗಿ, ಈಗ ಇಪ್ಪತ್ತು ಮಾರಿಗೆ ಬಂದಿದ್ದರು. ತಮ್ಮಿಬ್ಬರ ಕೈಯಿಂದಲೇ ಆದದ್ದು ಎಂಬುದು ಪೈಪಕ್ಕನಿಗೆ ಗೊತ್ತಿತ್ತು. ಒಲೆ ಉರಿಯಬೇಕು ಎಂಬುದೂ ಗೊತ್ತಿತ್ತು.

ಆಳದ ಮೀನನ್ನು ಒಂದೇ ಸಲಕ್ಕೆ ಮೇಲೆತ್ತಿದರೆ ಅದರ ಹೊಟ್ಟೆ ಊದಿ ಕಣ್ಣು ಹೊರಬರುತ್ತದೆ. ಅದಕ್ಕೇ ಬುಟ್ಟಿಯ ಹಗ್ಗಕ್ಕೆ ಅರ್ಧದಲ್ಲಿ ಕೆಂಪು ಬಟ್ಟೆಯ ಗಂಟು ಕಟ್ಟಿತ್ತು. ಆ ಗಂಟು ಕೈಗೆ ಬಂದ ಕೂಡಲೇ ನಿಲ್ಲಿಸಿ ಒಂದು ಗಂಟೆ ಬುಟ್ಟಿಯನ್ನು ಅಲ್ಲೇ ತೂಗುಹಾಕಬೇಕು. "ಎರಡೂ ಕೈಲಿ ಹಿಡ್ಕೋ, ಅಲ್ಲಾಡಿದ್ರೆ ಮೀನಿಗೆ ಗಾಬರಿ ಆಗುತ್ತೆ," ಎಂಬುದು ಧಣಿಯ ಅಪ್ಪಣೆ. ಮನುಷ್ಯನ ಪೈಪಿಗೆ ಅಂಥ ಗಂಟು ಯಾರೂ ಕಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಎರಡು ಎಳೆತ ಬಂತು. ಅವಳು ಬುಟ್ಟಿ ಎತ್ತಿ, ಕೆಂಪು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಆಳುಗಳಿಬ್ಬರೂ ಹುಟ್ಟು ಹಿಡಿದಿದ್ದರು, ಪೈಪನ್ನು ಅವಳು ಅಂಗಾಲಿನ ಕೆಳಗೆ ಇಟ್ಟುಕೊಂಡಿದ್ದಳು. ಕಂಪ್ರೆಸರ್ ಬೆಲ್ಟು ಫಟ್ಟೆಂದು ಹರಿದು ಗಾಳಿ ನಿಂತಿತು. ಅದನ್ನು ತಿರುಗಿ ನೋಡುವಷ್ಟರಲ್ಲಿ ತಳದಿಂದ ತಮ್ಮ ಒಂದೇ ಉಸಿರಿಗೆ ಎದ್ದು ಬಂದು ದೋಣಿಯಂಚು ಹಿಡಿದಿದ್ದ. ಹತ್ತಿ ಕೂತು ನಕ್ಕ, ನೀರು ಕುಡಿದ. ಆಮೇಲೆ ಮೊಣಕೈ ನೋವೆಂದ. ಆಮೇಲೆ ತೊಡೆಯಲ್ಲಿ ಇರುವೆ ಹರಿದಂತಾಗುತ್ತದೆ ಎಂದ. ಆಮೇಲೆ ಇರುವೆಯೂ ಇಲ್ಲ ಎಂದ. ಕೆಳಗಿನಿಂದ ಅವನು ಮೂರು ಸಲ ಎಳೆದಿದ್ದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ಅಂಗಾಲಿನ ಚರ್ಮ ದಪ್ಪ.

ಧಣಿ ಆ ಗಾಯವನ್ನೇ ಹುಡುಕಿ ಬೆರಳಿಟ್ಟ. "ಪೈಪ್ ಎಲ್ಲಿತ್ತು?"

"ಕಾಲ ಕೆಳಗೆ."

"ಕೈ ಪೈಪಿನ ಮೇಲೆ ಇರ್ಬೇಕಿತ್ತು ತಾನೆ? ಹೆಸರು ಬೇರೆ ಪೈಪಕ್ಕ. ತಮ್ಮನ್ನ ನೀನೇ ತುಳಿದು ಕೂತು, ಈಗ ನನ್ನ ಬಾಗಿಲಿಗೆ ಬಂದು ಅಳ್ತೀಯ ಮುಂಡೆ."

ಅವಳು ಸೆರಗಿನಿಂದ ತಮ್ಮನ ಮುಖಕ್ಕೆ ನೆರಳು ಮಾಡಿದಳು. ಎರಡು ಕೈ ಇರುವ ಹೆಂಗಸಿಗೆ ಮೂರು ಕೈಯ ಕೆಲಸ ಹೇಳಿದವನು ಇದೇ ಧಣಿ.

ಶೆಡ್ಡಿನ ಹಿಂದೆ ವ್ಯಾನಿಗೆ ಪೆಟ್ಟಿಗೆ ಏರಿಸುತ್ತಿದ್ದ ಡ್ರೈವರ್ ಬಂದು ತಮ್ಮನ ಪಕ್ಕ ಕುಳಿತ. ಅವನನ್ನು ಎಲ್ಲರೂ ಎಳೆಗಾಲ ಎನ್ನುತ್ತಿದ್ದರು. ಹಿಂದೆ ಅವನೂ ಮುಳುಗುವವನೇ. ಒಂದು ದಿನ ಹೀಗೇ ಎದ್ದು ಬಂದ ಮೇಲೆ ಎಡಗಾಲು ಅವನು ಹಿಂದೆ ಎಳೆದುಕೊಂಡು ಬರುವ ಸಾಮಾನಾಯಿತು. "ನಂಗೂ ಹೀಗೇ ಆಗಿದ್ದು," ಎಂದ ಮೆಲ್ಲಗೆ. "ಇದೇ ಬಾಗಿಲಲ್ಲಿ ಮಲಗಿಸಿದ್ರು. ಸಂಜೆವರೆಗೂ ಕುಡುಕ ಅಂತಲೇ ಅಂದ್ರು."

ಅಷ್ಟರಲ್ಲಿ ನಗರದ ಡಾಕ್ಟರೊಬ್ಬರ ಕಾರು ಬಂತು. ಹಳದಿ ನೀಲಿ ಮೀನು ಅವರಿಗಾಗಿಯೇ ಹಿಡಿಸಿದ್ದು. ಅವರ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದದ ತೊಟ್ಟಿಯಿತ್ತು, ಅದರಲ್ಲಿ ಹವಳ ಬೆಳೆಸಿದ್ದರು. ಧಣಿ ಸೊಂಟ ಬಗ್ಗಿಸಿದ. ಬೆಳಿಗ್ಗೆಯಿಂದ ನೆಟ್ಟಗೆ ನಿಂತಿದ್ದ ಸೊಂಟ ಅದು.

"ವಿಷ ಹಾಕಿ ಹಿಡಿದದ್ದಲ್ಲ ತಾನೆ?" ಎಂದರು ಡಾಕ್ಟರು. "ನಾನು ಅಂಥದ್ದು ತಗೊಳಲ್ಲ. ಸಮುದ್ರದಲ್ಲಿ ಹವಳ ಎಲ್ಲಾ ಸಾಯ್ತಿದೆ. ಒಂದಷ್ಟು ಉಳಿದಿದ್ರೆ ಅದು ನಮ್ಮಂಥವರ ಮನೇಲಿ."

"ಬಲೇಲಿ ಹಿಡಿದದ್ದು ಸಾರ್. ದೇವರಾಣೆ."

"ನಿಧಾನಕ್ಕೆ ಮೇಲೆ ತಂದ್ರಿ ತಾನೆ? ಆತುರ ಮಾಡಿಲ್ವಲ್ಲ?"

"ಮೀನನ್ನ ನಿಧಾನಕ್ಕೇ ತಂದ್ವಿ," ಎಂದಳು ಪೈಪಕ್ಕ, ಬಾಗಿಲಿನಿಂದ. "ಮನುಷ್ಯನ್ನ ತರಲಿಲ್ಲ. ಸ್ವಲ್ಪ ಇತ್ಲಾಗೆ ನೋಡಿ ಸ್ವಾಮಿ."

ಡಾಕ್ಟರು ಕೆಟ್ಟವರಲ್ಲ. ಬಂದರು, ಬಗ್ಗಿದರು, ಕಾರಿನ ಕೀಲಿಯನ್ನು ತಮ್ಮನ ಅಂಗಾಲಿನ ಮೇಲೆ ಗೀಚಿದರು. ಬೆರಳು ಮಿಸುಕಲಿಲ್ಲ. ಅವರ ಮುಖ ಸಪ್ಪಗಾಯಿತು.

"ರಕ್ತದಲ್ಲಿ ಗಾಳಿಗುಳ್ಳೆ ಕಟ್ಟಿದೆ. ಮೊದಲು ಆಕ್ಸಿಜನ್ ಕೊಡ್ಬೇಕು, ಈಗಲೇ. ಆಮೇಲೆ ನಗರದ ದೊಡ್ಡಾಸ್ಪತ್ರೆಲಿ ಇದಕ್ಕೇ ಒಂದು ಒತ್ತಡದ ಕೋಣೆ ಇದೆ. ಇವತ್ತು ಸಂಜೆಯೊಳಗೆ ಸೇರಿಸಿದ್ರೆ ಕಾಲು ಬರಬಹುದು. ತಡ ಆದ್ರೆ ಕಷ್ಟ."

"ನಿಮ್ಮ ಕಾರು ಅತ್ಲಾಗೇ ಅಲ್ವಾ ಹೋಗೋದು?"

ಡಾಕ್ಟರು ಕೀಲಿಯನ್ನು ಕರವಸ್ತ್ರದಲ್ಲಿ ಒರೆಸಿದರು. "ನಾಲ್ಕು ಗಂಟೆ ದಾರಿ ಅಮ್ಮಾ. ಹಿಂದಿನ ಸೀಟಲ್ಲಿ ಮೀನಿನ ಪೆಟ್ಟಿಗೆ ಇಡ್ಬೇಕು, ಅದು ಅಲುಗಾಡಬಾರದು. ಆಂಬುಲೆನ್ಸ್‌ಗೆ ಫೋನ್ ಮಾಡ್ಸಿ. ನಾನು ಬೇಕಾದ್ರೆ ಚೀಟಿ ಬರೆದುಕೊಡ್ತೀನಿ." ನಿಜವಾಗಿಯೂ ಬರೆದುಕೊಟ್ಟರು. ಅಕ್ಷರ ಮುತ್ತಿನಂತಿತ್ತು. ಆಂಬುಲೆನ್ಸ್ ಬರುವುದೂ ಅದೇ ನಗರದಿಂದ, ಅದೇ ನಾಲ್ಕು ಗಂಟೆ. ಬಂದು ವಾಪಸು ಹೋಗುವಷ್ಟರಲ್ಲಿ ಸಂಜೆ ಮುಗಿದಿರುತ್ತದೆ.

ಒಳಗೆ ಮೂಲೆಯಲ್ಲಿ ಗಂಟಮ್ಮ ಡಾಕ್ಟರ ಮೀನನ್ನು ಚೀಲಕ್ಕೆ ತುಂಬುತ್ತಿದ್ದಳು. ಚೀಲದ ಬಾಯಿ ಕಟ್ಟುವುದರಲ್ಲಿ ಅವಳ ಸಮ ಇನ್ನೊಬ್ಬರಿಲ್ಲ, ಅದಕ್ಕೇ ಆ ಹೆಸರು. ಒಂದು ಪಾಲು ನೀರು, ಎರಡು ಪಾಲು ಗಾಳಿ. ಆ ಗಾಳಿ ಗೋಡೆಗೆ ಒರಗಿಸಿದ ಆಳೆತ್ತರದ ಕಬ್ಬಿಣದ ಸಿಲಿಂಡರಿನಿಂದ ಸುಂಯ್ ಎಂದು ಬರುತ್ತಿತ್ತು. ಪೈಪಕ್ಕ ಆ ಸದ್ದನ್ನು ವರ್ಷಗಟ್ಟಲೆ ಕೇಳಿದ್ದಳು. ಇವತ್ತು ಅವಳ ಕಿವಿಗೆ ಅದು ಮೊದಲ ಸಲ ಬಿತ್ತು.

"ಸ್ವಾಮಿ, ಆಕ್ಸಿಜನ್ ಅಂದ್ರೆ ಇದೇ ಅಲ್ವಾ?"

ಡಾಕ್ಟರು ಸಿಲಿಂಡರನ್ನು ನೋಡಿ ಬೇರೆ ಕಡೆ ನೋಡಿದರು. ಉತ್ತರ ಕೊಟ್ಟವನು ಧಣಿ. "ಅದು ಮೀನಿನ ಗಾಳಿ. ಮುಟ್ಟಿದ್ರೆ ಕೈ ಮುರೀತೀನಿ."

"ಆಸ್ಪತ್ರೆದು ಬೇರೆ ದರ್ಜೆ," ಎಂದರು ಡಾಕ್ಟರು. "ಇದಕ್ಕೆ ನಾನು ಜವಾಬ್ದಾರಿ ತಗೊಳಲ್ಲ."

"ಇದು ವಿಷಾನಾ?"

"ವಿಷ ಅಂತಲ್ಲ..."

"ಮೀನು ಬದುಕುತ್ತಲ್ಲ ಇದ್ರಲ್ಲಿ?"

"ಬದುಕುತ್ತೆ."

"ಅಷ್ಟು ಸಾಕು."

ಅವಳು ದೋಣಿಯಾಳಿನ ಹೆಗಲ ಮೇಲಿದ್ದ ಹಳದಿ ಪೈಪ್ ಇಳಿಸಿಕೊಂಡಳು. ಸೊಂಟದ ಚಾಕುವಿನಿಂದ ಎರಡು ಮಾರು ಕತ್ತರಿಸಿದಳು, ತಮ್ಮನ ಹಲ್ಲಿನ ಗುರುತಿದ್ದ ತುದಿಯನ್ನು. ಧಣಿ ಅಡ್ಡ ಬಂದು ಅವಳ ಕೂದಲು ಹಿಡಿದ. ಚಾಕು ಅವಳ ಕೈಯಲ್ಲಿದ್ದುದು ಅವನಿಗೆ ಆಮೇಲೆ ನೆನಪಾಯಿತು. ಅವಳು ಅದನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಅವನೇ ಕೂದಲು ಬಿಟ್ಟ.

"ಪೊಲೀಸ್ ಕರೀತೀನಿ ಸೂಳೇರಾ."

"ಕರೀರಿ," ಎಂದಳು ಗಂಟಮ್ಮ, ತಲೆಯೆತ್ತದೆ. "ಬಿಳಿ ಗುಳಿಗೆ ಡಬ್ಬ ಯಾವ ತೊಟ್ಟಿ ಹಿಂದೆ ಇದೆ ಅಂತ ನಾನೇ ತೋರಿಸ್ತೀನಿ. ಅವರಿಗ್ಯಾಕೆ ಹುಡುಕೋ ಕಷ್ಟ?"

"ಗುಳಿಗೆನಾ? ಬಲೇಲಿ ಹಿಡಿದದ್ದು ಅಂದ್ರಲ್ಲ," ಎಂದರು ಡಾಕ್ಟರು.

"ಬಲೇಲೇ ಹಿಡಿದದ್ದು ಸ್ವಾಮಿ. ಮೂರ್ಛೆ ಹೋದ್ಮೇಲೆ." ಅವಳು ಚೀಲದಿಂದ ಗಾಳಿಯ ಕೊಳವೆಯನ್ನು ಹೊರಗೆಳೆದು ಪೈಪಕ್ಕನ ಕೈಗಿತ್ತಳು. ಪೈಪಕ್ಕ ಅದನ್ನು ಹಳದಿ ಪೈಪಿಗೆ ತೂರಿಸಿದಳು, ಗಂಟಮ್ಮ ರಬ್ಬರು ಸುತ್ತಿ ಬಿಗಿದಳು. ಬಾಯಿ ಕಟ್ಟದ ಚೀಲ ಜೋಲುಬಿದ್ದು, ಮೀನು ಒಂದು ಮೂಲೆಗೆ ಒತ್ತಿಕೊಂಡಿತು.

"ಚೀಲಕ್ಕೆ ಗಾಳಿ?" ಎಂದರು ಡಾಕ್ಟರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

"ನಿಮ್ಮ ಬಾಯಲ್ಲೂ ಇದೆಯಲ್ಲ ಸ್ವಾಮಿ, ಊದಿ," ಎಂದಳು ಗಂಟಮ್ಮ.

ವ್ಯಾನಿನೊಳಗೆ ವಿಮಾನಕ್ಕೆ ಹೋಗುವ ಪೆಟ್ಟಿಗೆಗಳು ಚಾವಣಿಯವರೆಗೆ ತುಂಬಿದ್ದವು. ವ್ಯಾನು ದಿನಾ ಹೋಗುತ್ತಿದ್ದುದು ಅದೇ ನಗರಕ್ಕೆ. ಎಳೆಗಾಲ ಯಾರಿಗೂ ಏನೂ ಹೇಳದೆ ಹಿಂದಿನ ಬಾಗಿಲು ತೆಗೆದು ಮೊದಲ ಪೆಟ್ಟಿಗೆ ಇಳಿಸಿದ. ಚೀಲ ತುಂಬುವ ಹೆಂಗಸರು ಮೂವರು ಬಂದು ಕೈಜೋಡಿಸಿದರು. ಏರಿಸಿದವರೇ ಇಳಿಸಿದ್ದರಿಂದ ಕೆಲಸ ಬೇಗ ಆಯಿತು. ಪೆಟ್ಟಿಗೆಗಳು ಬಿಸಿಲಲ್ಲಿ ಸಾಲಾಗಿ ಕೂತವು. ಧಣಿ ಒಂದರಿಂದ ಇನ್ನೊಂದಕ್ಕೆ ಓಡುತ್ತಾ ತನ್ನ ಅಂಗಿ ಬಿಚ್ಚಿ ನೆರಳು ಮಾಡಲು ನೋಡುತ್ತಿದ್ದ.

"ಸಾಯ್ತವಲ್ಲೋ ಹಲ್ಕಾ ನನ್ಮಕ್ಕಳಾ, ಜೀವ ಇರೋವು ಕಣ್ರೋ ಅವು."

ಅವನ ಬಾಯಲ್ಲಿ ಜೀವ ಎಂಬ ಮಾತು ಆ ದಿನ ಬಂದದ್ದು ಆಗಲೇ.

ತಮ್ಮನನ್ನು ಹಲಗೆ ಸಮೇತ ಒಳಗಿಟ್ಟರು. ಸಿಲಿಂಡರನ್ನು ಉರುಳಿಸಿ ತಂದು ಪಕ್ಕದಲ್ಲಿ ಮಲಗಿಸಿದರು. ಎಳೆಗಾಲ ಸೀಟಿಗೆ ಹತ್ತಿ, ಎಡಗಾಲನ್ನು ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟು, ಮೊಣಕಾಲನ್ನು ಅಂಗೈಯಿಂದ ಅದುಮಿದ. ವ್ಯಾನು ಜಗ್ಗಿ ಹೊರಟಿತು. ಹಿಂದಿನ ಕಿಟಕಿಯಲ್ಲಿ ಪೈಪಕ್ಕನಿಗೆ ಕೊನೆಗೆ ಕಂಡದ್ದು ಡಾಕ್ಟರು: ಚೀಲದ ಬಾಯಿಗೆ ಬಾಯಿಟ್ಟು ಕೆನ್ನೆಯುಬ್ಬಿಸಿ ಊದುತ್ತಿದ್ದರು. ಬಿಟ್ಟ ಉಸಿರಿನಿಂದ ಮೀನು ಬದುಕುವುದಿಲ್ಲ ಎಂಬುದು ಓದಿದವರಿಗೆ ಗೊತ್ತಿರಬೇಕಿತ್ತು.

ದಾರಿಯಲ್ಲಿ ತಮ್ಮ ಕಣ್ಣು ತೆರೆದು, ಬಾಯಿಂದ ಪೈಪ್ ತೆಗೆದ. ಅವಳು ಬಗ್ಗಿ ಕಿವಿಗೊಟ್ಟಳು.

"ಅಕ್ಕಾ, ಮೀನು ಬದುಕಿದೆಯಾ?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆನ್ನೆಗೆ ಬಾರಿಸಬೇಕು ಅನಿಸಿತು. ಅವನಿಗೋ, ಆ ಪ್ರಶ್ನೆಯನ್ನು ಅವನ ಬಾಯಿಗೆ ಹಾಕಿದವನಿಗೋ ಎಂಬುದು ಅವಳಿಗೇ ತಿಳಿಯಲಿಲ್ಲ. "ಬಾಯಿ ಮುಚ್ಚು," ಎಂದು ಪೈಪನ್ನು ಅವನ ಹಲ್ಲಿಗೆ ತುರುಕಿದಳು. "ಇದು ನಿನ್ನ ಗಾಳಿ. ಕುಡಿ."

ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಇನ್ನೂ ಮೂರು ಗಂಟೆಯ ದಾರಿಯಿತ್ತು. ತಮ್ಮನ ಕಾಲಿನ ಬೆರಳು ವ್ಯಾನು ಕುಲುಕಿದಾಗ ಮಾತ್ರ ಅಲುಗುತ್ತಿತ್ತು. ಅವಳು ಅದನ್ನು ನೋಡುವುದನ್ನು ಬಿಟ್ಟು ಪೈಪ್ ಹಿಡಿದಳು, ಈ ಸಲ ಎರಡೂ ಕೈಯಲ್ಲಿ, ಮತ್ತು ಮೂರು ಎಳೆತಕ್ಕೆ ಕಾಯುತ್ತ ಕೂತಳು.